ಮಾತ್ರೆಯ ಗುರುತೋ, ಎಡಿಎಚ್‌ಡಿ ಗುರುತೋ? ಮೆದುಳಿನ ಸ್ಕ್ಯಾನ್ ಓದುವಾಗಿನ ದೊಡ್ಡ ಗೊಂದಲ

"ಎಡಿಎಚ್‌ಡಿ ಇರುವ ಮಕ್ಕಳ ಮೆದುಳು ಬೇರೆ ಮಕ್ಕಳಿಗಿಂತ ಚಿಕ್ಕದು, ಸ್ಕ್ಯಾನ್‌ನಲ್ಲಿ ಸಾಬೀತಾಗಿದೆ." ಇದು ಒಂದು ಫಾರ್ವರ್ಡ್. "ಎಡಿಎಚ್‌ಡಿ ಮಾತ್ರೆ ತಿಂದರೆ ಮೆದುಳು ಕುಗ್ಗುತ್ತದೆ, ಸ್ಕ್ಯಾನ್‌ನಲ್ಲಿ ಸಾಬೀತಾಗಿದೆ." ಇದು ಇನ್ನೊಂದು. ಎರಡೂ ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಚಿಕ್ಕಮಗಳೂರಿನ ಪೋಷಕರ ವಾಟ್ಸಾಪ್ ಗುಂಪೊಂದರಲ್ಲಿ ಓಡಾಡಿದವು. ಮೊದಲನೆಯದನ್ನು ಓದಿ ಹೆದರಿದವರು ಎರಡನೆಯದನ್ನು ಓದಿ ಇನ್ನೂ ಹೆದರಿದರು. ತಮಾಷೆ ಏನೆಂದರೆ, ಈ ಎರಡು ಮಾತೂ ಹುಟ್ಟುವುದು ಒಂದೇ ಥರದ ಸಂಶೋಧನೆಯಿಂದ.

ಮೂಡಿಗೆರೆ ಕಡೆಯ ಪರಿಚಯದ ಹೆಣ್ಣುಮಗಳೊಬ್ಬಳು, ಅವಳ ಮಗನಿಗೆ ಈಚೆಗೆ ಮಾತ್ರೆ ಶುರುವಾಗಿದೆ, ನನಗೆ ಫೋನ್ ಮಾಡಿ ಕೇಳಿದಳು: "ಅಲ್ಲ ಕಣಣ್ಣ, ಮೆದುಳು ಚಿಕ್ಕದಿದ್ದಿದ್ದಕ್ಕೆ ಮಾತ್ರೆ ಬೇಕಾಯ್ತೋ, ಮಾತ್ರೆ ತಿಂದಿದ್ದಕ್ಕೆ ಚಿಕ್ಕದಾಯ್ತೋ?"

ಒಳ್ಳೆ ಪ್ರಶ್ನೆ. ವಿಜ್ಞಾನಿಗಳು ದಶಕಗಳಿಂದ ತಲೆ ಕೆಡಿಸಿಕೊಂಡಿರುವುದೂ ಇದಕ್ಕೇ.

ಮೊದಲು ಈ ಸಂಶೋಧನೆ ಹೇಗೆ ನಡೆಯುತ್ತದೆ ಅಂತ ನೋಡೋಣ. ಎಡಿಎಚ್‌ಡಿ ಅಂದರೆ ಗಮನ ಒಂದು ಕಡೆ ನಿಲ್ಲದಿರುವುದು, ಕೂತಲ್ಲಿ ಕೂರಲಾಗದಿರುವುದು, ಯೋಚಿಸುವ ಮುಂಚೆಯೇ ಕೈ ಬಾಯಿ ಮುಂದಾಗುವುದು, ಇದೆಲ್ಲ ವಯಸ್ಸಿಗೆ ಮೀರಿ, ಮನೆ ಶಾಲೆ ಎರಡೂ ಕಡೆ ತೊಂದರೆ ಕೊಡುವಷ್ಟು ಇರುವ ಸ್ಥಿತಿ. ಸಂಶೋಧಕರು ಅಂಥವರ ಒಂದು ಗುಂಪು ಮಾಡುತ್ತಾರೆ. ಇಲ್ಲದವರ ಇನ್ನೊಂದು ಗುಂಪು. ಇಬ್ಬರನ್ನೂ ಸ್ಕ್ಯಾನ್ ಮಾಡುತ್ತಾರೆ. ಎಂಆರ್‌ಐ ಆದರೆ ಮೆದುಳಿನ ಗಾತ್ರ, ಆಕಾರ ಗೊತ್ತಾಗುತ್ತದೆ. ಪೆಟ್ ಸ್ಕ್ಯಾನ್ ಆದರೆ ಅಲ್ಪ ವಿಕಿರಣ ಇರುವ ವಸ್ತುವನ್ನು ರಕ್ತಕ್ಕೆ ಸೇರಿಸಿ, ಮೆದುಳು ಎಲ್ಲಿ ಎಷ್ಟು ಸಕ್ಕರೆ ಬಳಸುತ್ತಿದೆ, ಯಾವ ಪ್ರೋಟೀನ್ ಎಲ್ಲಿ ಎಷ್ಟಿದೆ ಅಂತ ಅಳೆಯಬಹುದು. ಆಮೇಲೆ ಎರಡು ಗುಂಪಿನ ಸರಾಸರಿ ಹೋಲಿಸಿ, ವ್ಯತ್ಯಾಸ ಸಿಕ್ಕರೆ "ಎಡಿಎಚ್‌ಡಿ ಮೆದುಳು ಹೀಗಿರುತ್ತದೆ" ಅಂತ ಪ್ರಬಂಧ ಬರೆಯುತ್ತಾರೆ.

ಇಲ್ಲಿ ಒಂದು ತೊಡಕಿದೆ. ಅಮೆರಿಕದಂಥ ಕಡೆ ಎಡಿಎಚ್‌ಡಿ ಅಂತ ಗೊತ್ತಾದ ಮಕ್ಕಳಲ್ಲಿ ತುಂಬಾ ಜನ ಮೀಥೈಲ್‌ಫೆನಿಡೇಟ್ ಅಥವಾ ಆಂಫೆಟಮೈನ್ ಜಾತಿಯ ಸ್ಟಿಮ್ಯುಲೆಂಟ್, ಅಂದರೆ ಮೆದುಳನ್ನು ಚುರುಕುಗೊಳಿಸುವ ಮಾತ್ರೆ ತೆಗೆದುಕೊಂಡಿರುತ್ತಾರೆ, ಕೆಲವರು ವರ್ಷಗಟ್ಟಲೆ. ಇನ್ನೊಂದು ಗುಂಪಿನವರು ಅದನ್ನು ಮುಟ್ಟಿಯೇ ಇರುವುದಿಲ್ಲ. ಅಂದರೆ ಎರಡು ಗುಂಪಿನ ನಡುವೆ ವ್ಯತ್ಯಾಸ ಒಂದಲ್ಲ, ಎರಡು. ಸ್ಕ್ಯಾನ್‌ನಲ್ಲಿ ಕಂಡದ್ದು ಯಾವುದರಿಂದ ಬಂತು ಅಂತ ಹೇಗೆ ಹೇಳುತ್ತೀರಿ?

ನಮ್ಮ ತೋಟದ ಭಾಷೆಯಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಕಾಫಿಗೆ ಕೊಳೆರೋಗ ಬರುವುದು ಎಲ್ಲಿ? ತೇವ ನಿಲ್ಲುವ, ಮಬ್ಬು ಕವಿಯುವ, ನೆರಳು ಜಾಸ್ತಿ ಇರುವ ತಗ್ಗಿನ ಬ್ಲಾಕ್‌ಗಳಲ್ಲಿ. ಮಳೆ ಹಿಡಿಯುವ ಮುಂಚೆ ಡ್ರಮ್ಮಿನಲ್ಲಿ ಮೈಲುತುತ್ತ, ಸುಣ್ಣ ಕಲಸಿ ಬೋರ್ಡೋ ಹೊಡೆಯುವುದೂ ಮೊದಲು ಅಲ್ಲಿಗೇ. ಈಗ ತೋಟದ ಗಂಧಗಾಳಿ ಇಲ್ಲದ ಒಬ್ಬ ಮನುಷ್ಯ ಮಳೆಗಾಲ ಮುಗಿದ ಮೇಲೆ ಬಂದು, ತಗ್ಗಿನ ಬ್ಲಾಕ್ ಮತ್ತು ದಿಬ್ಬದ ಬ್ಲಾಕ್ ಎರಡನ್ನೂ ಹೋಲಿಸಿ ನೋಡುತ್ತಾನೆ ಅಂದುಕೊಳ್ಳಿ. ತಗ್ಗಿನಲ್ಲಿ ಎಲೆ ಮೇಲೆ ನೀಲಿ ಕಲೆ, ಫಸಲೂ ಸ್ವಲ್ಪ ಕಡಿಮೆ. ಅವನು "ಕೊಳೆರೋಗ ಬಂದ ಗಿಡದ ಎಲೆ ನೀಲಿ ಆಗುತ್ತದೆ" ಅಂತ ಬರೆದುಕೊಳ್ಳಬಹುದು. ಇಲ್ಲವೇ "ಬೋರ್ಡೋ ಹೊಡೆದರೆ ಫಸಲು ಹೋಗುತ್ತದೆ" ಅಂತ ಬರೆದುಕೊಳ್ಳಬಹುದು. ಎರಡೂ ತಪ್ಪು. ನೀಲಿ ಬಂದಿದ್ದು ಔಷಧಿಯಿಂದ. ಫಸಲು ಕಡಿಮೆಯಾಗಿದ್ದು ರೋಗದಿಂದ. ಔಷಧಿ ಹೊಡೆಯದೇ ಇದ್ದಿದ್ದರೆ ಅದೂ ಸಿಗುತ್ತಿರಲಿಲ್ಲ, ಆದರೆ ಆ ಸಂಗತಿ ಅವನ ಕಣ್ಣಿಗೆ ಬೀಳುವುದೇ ಇಲ್ಲ.

ಔಷಧಿಯ ಇಂಥ ಗೋಜಲು ಮೂರು ದಿಕ್ಕಿನಲ್ಲಿ ಎಳೆಯಬಹುದು. ಒಂದು, ಔಷಧಿಯೇ ಮೆದುಳಿನಲ್ಲಿ ಏನಾದರೂ ಬದಲಾಯಿಸಿ, ನಾವು ಅದನ್ನು ಎಡಿಎಚ್‌ಡಿ ಗುರುತು ಅಂತ ತಪ್ಪಾಗಿ ಓದುವುದು. ಎರಡು, ಔಷಧಿ ನಿಜವಾದ ವ್ಯತ್ಯಾಸವನ್ನು ಕಮ್ಮಿ ಮಾಡಿ, ನಾವು "ವ್ಯತ್ಯಾಸವೇ ಇಲ್ಲ" ಅಂದುಬಿಡುವುದು. ಮೂರು, ಹೆಚ್ಚು ತೊಂದರೆ ಇರುವ ಮಕ್ಕಳಿಗೇ ಮಾತ್ರೆ ಜಾಸ್ತಿ ಸಿಗುವುದರಿಂದ, ತೊಂದರೆಯ ತೀವ್ರತೆಯನ್ನು ಮಾತ್ರೆಯ ತಲೆಗೆ ಕಟ್ಟುವುದು. ಎರಡನೇ ಫಾರ್ವರ್ಡ್ ಹುಟ್ಟುವುದು ಬಹುತೇಕ ಈ ಮೂರನೆಯದರಿಂದ.

ಇದು ಹೊಸ ಅನುಮಾನವೇನಲ್ಲ. 1986ರಲ್ಲಿ ನಸ್ರಲ್ಲಾ ಮತ್ತು ಸಂಗಡಿಗರು, ಬಾಲ್ಯದಲ್ಲಿ ಅತಿ ಚಟುವಟಿಕೆಯ ತೊಂದರೆ ಇದ್ದ ಯುವಕರ ಸಿ.ಟಿ. ಸ್ಕ್ಯಾನ್ ನೋಡಿ, ಮೆದುಳಿನ ಹೊರಪದರ ಸವೆದಂತೆ ಕಾಣುತ್ತದೆ ಅಂದರು. ಆದರೆ ಆ ಎಲ್ಲರೂ ಮುಂಚೆ ಸ್ಟಿಮ್ಯುಲೆಂಟ್ ತೆಗೆದುಕೊಂಡವರೇ ಆಗಿದ್ದರು. ಹಾಗಾಗಿ ಇದು ಚಿಕಿತ್ಸೆಯ ದೀರ್ಘಕಾಲದ ಅಡ್ಡ ಪರಿಣಾಮವೂ ಇರಬಹುದು ಅಂತ ಲೇಖಕರು ತಾವೇ ಬರೆದರು. ಪ್ರಾಮಾಣಿಕ ಮಾತು. ಅಷ್ಟೇ, ಉತ್ತರ ಕೊಡುವ ದಾರಿ ಆ ಅಧ್ಯಯನದಲ್ಲಿ ಇರಲಿಲ್ಲ, ಯಾಕೆಂದರೆ ಮಾತ್ರೆ ಮುಟ್ಟದ ರೋಗಿ ಒಬ್ಬನೂ ಇರಲಿಲ್ಲ.

1990ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯ ಜ಼ಾಮೆಟ್‌ಕಿನ್ ತಂಡ ಇದಕ್ಕೆ ಒಂದು ಜಾಣ ದಾರಿ ಹಿಡಿಯಿತು. ಎಡಿಎಚ್‌ಡಿ ಇರುವ ಮಕ್ಕಳ ಅಪ್ಪ ಅಮ್ಮಂದಿರಲ್ಲಿ, ತಮಗೂ ಚಿಕ್ಕಂದಿನಿಂದ ಅದೇ ತೊಂದರೆ ಇದ್ದು ಸ್ಟಿಮ್ಯುಲೆಂಟ್ ಚಿಕಿತ್ಸೆಯನ್ನೇ ಪಡೆಯದೆ ದೊಡ್ಡವರಾದವರನ್ನು ಹುಡುಕಿದರು. ಅಂಥ 25 ಜನರನ್ನು 50 ಜನ ಆರೋಗ್ಯವಂತರ ಜೊತೆ ಹೋಲಿಸಿದಾಗ ಮೆದುಳು ಸಕ್ಕರೆ ಬಳಸುವ ಪ್ರಮಾಣ ಸುಮಾರು 8 ಶೇಕಡ ಕಡಿಮೆ ಇತ್ತು. ಇಲ್ಲಿ ಮಾತ್ರೆಯ ಮೇಲೆ ಗೂಬೆ ಕೂರಿಸಲಾಗುವುದಿಲ್ಲ. ಆದರೆ ಅದೇ ಗುಂಪಿನ ಸಂಶೋಧಕರು 1993ರಲ್ಲಿ ಹದಿಹರೆಯದವರನ್ನು ನೋಡಿದಾಗ, ಒಟ್ಟು ಪ್ರಮಾಣದಲ್ಲಿ ಅಂಥ ಗಟ್ಟಿ ವ್ಯತ್ಯಾಸ ಸಿಗಲಿಲ್ಲ. ಮಾತ್ರೆ ಪಕ್ಕಕ್ಕೆ ಸರಿಸಿದ ತಕ್ಷಣ ಎಲ್ಲವೂ ಸಲೀಸಾಗುತ್ತದೆ ಅಂದುಕೊಳ್ಳಬೇಡಿ.

ಈ ಜಗಳ ನಿಜವಾಗಿ ಕಾವೇರಿದ್ದು 2002ರಲ್ಲಿ. ಕಾಸ್ಟೆಲ್ಲಾನೋಸ್ ತಂಡ 152 ಎಡಿಎಚ್‌ಡಿ ಮಕ್ಕಳನ್ನು 139 ಬೇರೆ ಮಕ್ಕಳ ಜೊತೆ ಹೋಲಿಸಿ, ಮೆದುಳಿನ ಒಟ್ಟು ಗಾತ್ರ ಸರಾಸರಿ 3.2 ಶೇಕಡ ಕಡಿಮೆ ಅಂತ ವರದಿ ಮಾಡಿತು. ಆ 152ರಲ್ಲಿ 49 ಮಕ್ಕಳು ಮಾತ್ರೆಯನ್ನೇ ತೆಗೆದುಕೊಂಡಿರಲಿಲ್ಲ. ಅವರ ಮೆದುಳೂ ಚಿಕ್ಕದೇ ಇತ್ತು. ಇಷ್ಟೇ ಅಲ್ಲ, ಅವರಲ್ಲಿ ಬಿಳಿ ದ್ರವ್ಯ, ಅಂದರೆ ಮೆದುಳಿನ ಒಂದು ಭಾಗವನ್ನು ಇನ್ನೊಂದಕ್ಕೆ ಜೋಡಿಸುವ ನರತಂತುಗಳ ಭಾಗ, ಬೇರೆ ಮಕ್ಕಳಿಗಿಂತ 10.7 ಶೇಕಡ ಕಡಿಮೆ. ಮಾತ್ರೆ ತೆಗೆದುಕೊಂಡ ಎಡಿಎಚ್‌ಡಿ ಮಕ್ಕಳಿಗಿಂತಲೂ ಕಡಿಮೆ! "ನೋಡಿ, ಮಾತ್ರೆಯಿಂದ ಕುಗ್ಗಿದ್ದಲ್ಲ" ಅಂತ ಎಲ್ಲ ಕಡೆ ಸುದ್ದಿಯಾಯಿತು.

ಮಾರನೇ ವರ್ಷ ಜೊನಾಥನ್ ಲಿಯೋ ಮತ್ತು ಡೇವಿಡ್ ಕೋಹೆನ್ ಎಂಬಿಬ್ಬರು ಇಂಥ ಅಧ್ಯಯನಗಳನ್ನೆಲ್ಲ ಗುಡ್ಡೆ ಹಾಕಿಕೊಂಡು ಒಂದೊಂದಾಗಿ ಕೆದಕಿದರು. ಅಲ್ಲಿಯವರೆಗಿನ ಬಹುಪಾಲು ಅಧ್ಯಯನಗಳಲ್ಲಿ ರೋಗಿಗಳು ಮುಂಚೆಯೇ ಮಾತ್ರೆ ತೆಗೆದುಕೊಂಡವರು, ಕೆಲವು ಪ್ರಬಂಧಗಳಲ್ಲಿ ಅದರ ವಿವರವೇ ಸರಿಯಾಗಿಲ್ಲ ಅನ್ನುವುದು ಅವರ ಮುಖ್ಯ ತಕರಾರು. 2002ರ ಅಧ್ಯಯನದ ಬಗ್ಗೆ ಅವರು ಎತ್ತಿದ ಮಾತು ಇನ್ನೂ ಚುರುಕಾಗಿತ್ತು: ಮಾತ್ರೆ ತೆಗೆದುಕೊಳ್ಳದ ಆ 49 ಮಕ್ಕಳು ಹೋಲಿಕೆಯ ಮಕ್ಕಳಿಗಿಂತ ಸರಾಸರಿ ಎರಡು ವರ್ಷ ಚಿಕ್ಕವರು! ಬಿಳಿ ದ್ರವ್ಯ ಬಾಲ್ಯದುದ್ದಕ್ಕೂ ಬೆಳೆಯುತ್ತಲೇ ಹೋಗುವ ವಸ್ತು. ಎಂಟು ವರ್ಷದ ಮಗುವನ್ನು ಹತ್ತು ವರ್ಷದ ಮಗುವಿನ ಪಕ್ಕ ನಿಲ್ಲಿಸಿ ಇದು ಕುಳ್ಳು ಅಂದರೆ ಹೇಗೆ? ವಯಸ್ಸಿನ ವ್ಯತ್ಯಾಸವನ್ನು ಮೂಲ ಲೇಖಕರು ಲೆಕ್ಕದಲ್ಲಿ ಸರಿದೂಗಿಸಿದ್ದರು, ನಿಜ. ಆದರೆ ಅಷ್ಟೊಂದು ಮಕ್ಕಳನ್ನು ಸೇರಿಸಿಕೊಂಡಿದ್ದವರು, ಮಾತ್ರೆ ತೆಗೆದುಕೊಳ್ಳದವರಿಗೆ ವಯಸ್ಸಿನಲ್ಲಿ ಸರಿಜೋಡಿಯಾಗುವ ಮಕ್ಕಳನ್ನು ಮೊದಲೇ ಆರಿಸಬಹುದಿತ್ತು ಅಲ್ವಾ? ನನಗೆ ಕೇಳಿದರೆ, ಲಿಯೋ ಮತ್ತು ಕೋಹೆನ್ ಎಡಿಎಚ್‌ಡಿ ಬಗ್ಗೆ ತೆಗೆದುಕೊಂಡ ಒಟ್ಟು ನಿಲುವು ಸ್ವಲ್ಪ ಅತಿಯೇ. ಆದರೆ ಈ ಒಂದು ಪ್ರಶ್ನೆ ಸರಿಯಾದ ಜಾಗಕ್ಕೇ ಬಿತ್ತು.

ಇಲ್ಲಿ ಕೆಲವರು ಕೇಳುತ್ತಾರೆ, "ಸ್ಕ್ಯಾನ್‌ಗೆ ಮುಂಚೆ ಎರಡು ದಿನ ಮಾತ್ರೆ ನಿಲ್ಲಿಸಿದರೆ ಆಯ್ತಲ್ಲ?" ಹಾಗೇ ಮಾಡುತ್ತಾರೆ ಕೂಡ. ಸಾಮಾನ್ಯವಾಗಿ ಒಂದೆರಡು ದಿನ ಮಾತ್ರೆ ಬಿಡಿಸಿ ಸ್ಕ್ಯಾನ್ ಮಾಡುತ್ತಾರೆ. ಮೀಥೈಲ್‌ಫೆನಿಡೇಟ್ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಎರಡು ದಿನಕ್ಕೆ ಮೈಯಿಂದ ಹೋಗಿರುತ್ತದೆ. ಆದರೆ ಔಷಧಿ ಮೈಯಲ್ಲಿ ಇಲ್ಲದಿರುವುದು ಬೇರೆ, ಔಷಧಿ ವರ್ಷಗಟ್ಟಲೆ ಇದ್ದು ಮೆದುಳು ಅದಕ್ಕೆ ಹೊಂದಿಕೊಂಡಿರುವುದು ಬೇರೆ. ಎರಡು ದಿನದ ಬಿಡುವು ಮೊದಲನೆಯದನ್ನು ಮಾತ್ರ ಸರಿ ಮಾಡುತ್ತದೆ. ಪ್ರಬಂಧದಲ್ಲಿ "ರೋಗಿಗಳು ಔಷಧಿ ಇಲ್ಲದ ಸ್ಥಿತಿಯಲ್ಲಿದ್ದರು" ಅಂತ ಓದಿದಾಗ, ಆ ದಿನ ಇರಲಿಲ್ಲವೋ, ಜನ್ಮದಲ್ಲೇ ತೆಗೆದುಕೊಂಡಿಲ್ಲವೋ ಅಂತ ಹುಡುಕಿ ನೋಡಬೇಕು. ಸುದ್ದಿಯಲ್ಲಿ ಇವೆರಡೂ ಒಂದೇ ಆಗಿ ಹೋಗುತ್ತವೆ.

ಇದು ಬರೀ ತರ್ಕದ ಮಾತಲ್ಲ ಅನ್ನುವುದಕ್ಕೆ ಡೋಪಮೈನ್ ಟ್ರಾನ್ಸ್‌ಪೋರ್ಟರ್ ಕಥೆ ನೋಡಿ. ಇಡೀ ವಿಷಯದಲ್ಲಿ ನನಗೆ ಅತಿ ರೋಚಕ ಅನ್ನಿಸಿದ್ದು ಇದೇ.

ಡೋಪಮೈನ್ ಗೊತ್ತಲ್ಲ, ಆಸಕ್ತಿ, ಹುರುಪು, ಗಮನಕ್ಕೆಲ್ಲ ಸಂಬಂಧಪಟ್ಟ ರಾಸಾಯನಿಕ. ಒಂದು ನರಕೋಶ ಅದನ್ನು ಹೊರಗೆ ಬಿಡುತ್ತದೆ, ಕೆಲಸ ಮುಗಿದ ಮೇಲೆ ಟ್ರಾನ್ಸ್‌ಪೋರ್ಟರ್ ಎಂಬ ಪ್ರೋಟೀನ್ ಅದನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತದೆ. ಮೀಥೈಲ್‌ಫೆನಿಡೇಟ್ ಮಾಡುವ ಕೆಲಸ ಏನು? ಈ ಟ್ರಾನ್ಸ್‌ಪೋರ್ಟರ್‌ಗಳಿಗೆ ಅಡ್ಡ ಕೂರುವುದು. ಹಾಗಾಗಿ ಡೋಪಮೈನ್ ಹೊರಗೆ ಸ್ವಲ್ಪ ಜಾಸ್ತಿ ಹೊತ್ತು ಉಳಿಯುತ್ತದೆ.

1999ರಲ್ಲಿ ಬೋಸ್ಟನ್‌ನ ಒಂದು ತಂಡ ಎಡಿಎಚ್‌ಡಿ ಇರುವ ದೊಡ್ಡವರಲ್ಲಿ ಈ ಟ್ರಾನ್ಸ್‌ಪೋರ್ಟರ್‌ಗಳು ಸುಮಾರು 70 ಶೇಕಡ ಜಾಸ್ತಿ ಇವೆ ಅಂತ ಪ್ರಕಟಿಸಿತು. ನೋಡಿದ್ದು ಬರೀ 6 ಜನರನ್ನು. ಆದರೂ ಕಥೆ ಎಷ್ಟು ಚೆನ್ನಾಗಿ ಕೂಡಿಕೊಂಡಿತು ನೋಡಿ: ಎಳೆದುಕೊಳ್ಳುವ ಪ್ರೋಟೀನ್ ಜಾಸ್ತಿ, ಹಾಗಾಗಿ ಡೋಪಮೈನ್ ಕಡಿಮೆ, ಮಾತ್ರೆ ಅದಕ್ಕೆ ಅಡ್ಡ ಕೂರುತ್ತದೆ, ಅದಕ್ಕೇ ಗುಣ! ಇಷ್ಟು ಅಚ್ಚುಕಟ್ಟಾಗಿ ಕೂಡಿಕೊಳ್ಳುವ ಕಥೆ ಕಂಡರೆ ನನಗಂತೂ ಸ್ವಲ್ಪ ಅನುಮಾನ.

2009ರಲ್ಲಿ ನೋರಾ ವೊಲ್ಕೋ ಅವರ ತಂಡ ಎಂದೂ ಮಾತ್ರೆ ತೆಗೆದುಕೊಳ್ಳದ 53 ಜನ ಎಡಿಎಚ್‌ಡಿ ವಯಸ್ಕರನ್ನು 44 ಜನ ಬೇರೆಯವರ ಜೊತೆ ಪೆಟ್ ಸ್ಕ್ಯಾನ್‌ನಲ್ಲಿ ಹೋಲಿಸಿತು. ಟ್ರಾನ್ಸ್‌ಪೋರ್ಟರ್ ಜಾಸ್ತಿ ಇರಲಿಲ್ಲ. ಮೆದುಳಿನ ಕೆಲವು ಭಾಗಗಳಲ್ಲಿ ಕಡಿಮೆಯೇ ಇತ್ತು. ಪೂರಾ ಉಲ್ಟಾ.

ಹಾಗಾದರೆ ಯಾರು ಸರಿ? 2012ರಲ್ಲಿ ಫುಸಾರ್ ಪೋಲಿ ಮತ್ತು ಸಂಗಡಿಗರು ಅಲ್ಲಿಯವರೆಗಿನ 9 ಅಧ್ಯಯನಗಳನ್ನು ಒಟ್ಟು ಹಾಕಿ ಲೆಕ್ಕ ಮಾಡಿದರು. ಒಟ್ಟು ಸರಾಸರಿ ನೋಡಿದರೆ ಎಡಿಎಚ್‌ಡಿ ಇರುವವರಲ್ಲಿ ಟ್ರಾನ್ಸ್‌ಪೋರ್ಟರ್ 14 ಶೇಕಡ ಜಾಸ್ತಿ. ಆದರೆ ಒಂದು ಅಧ್ಯಯನಕ್ಕೂ ಇನ್ನೊಂದಕ್ಕೂ ಯಾಕಿಷ್ಟು ಅಂತರ ಅಂತ ಕೆದಕಿದಾಗ, ಮುಂಚೆ ಮಾತ್ರೆ ತೆಗೆದುಕೊಂಡವರಲ್ಲಿ ಜಾಸ್ತಿ, ತೆಗೆದುಕೊಳ್ಳದವರಲ್ಲಿ ಕಡಿಮೆ. ಎಡಿಎಚ್‌ಡಿಯ ಗುರುತು ಅಂತ ಹತ್ತು ವರ್ಷ ಪಾಠ ಮಾಡಿದ್ದು, ಬಹುಶಃ ಮಾತ್ರೆಯ ಗುರುತಾಗಿತ್ತು.

ಬಹುಶಃ ಅಂದೆ, ಯಾಕೆಂದರೆ ಇದೂ ಬೇರೆ ಬೇರೆ ಜನರ ಹೋಲಿಕೆಯೇ. ಗಟ್ಟಿ ಸುಳಿವು ಸಿಕ್ಕಿದ್ದು 2013ರಲ್ಲಿ. ವಾಂಗ್, ವೊಲ್ಕೋ ಮತ್ತಿತರರು ಎಂದೂ ಮಾತ್ರೆ ತೆಗೆದುಕೊಳ್ಳದ 18 ವಯಸ್ಕರನ್ನು ಮೊದಲು ಸ್ಕ್ಯಾನ್ ಮಾಡಿದರು, 12 ತಿಂಗಳು ಮೀಥೈಲ್‌ಫೆನಿಡೇಟ್ ಕೊಟ್ಟರು, ಮತ್ತೆ ಸ್ಕ್ಯಾನ್ ಮಾಡಿದರು. ಅದೇ ಜನ, ಅದೇ ಮೆದುಳು. ಟ್ರಾನ್ಸ್‌ಪೋರ್ಟರ್ 24 ಶೇಕಡ ಏರಿತ್ತು. ದಿನಾ ಅಡ್ಡ ಕೂರುವವರು ಬಂದರೆ ಮೆದುಳು ಅದಕ್ಕೆ ತಕ್ಕಂತೆ ಇನ್ನಷ್ಟು ಟ್ರಾನ್ಸ್‌ಪೋರ್ಟರ್ ಮಾಡಿಕೊಳ್ಳುತ್ತದೆ ಅನ್ನುವುದು ಇದಕ್ಕೆ ಕೊಡುವ ವಿವರಣೆ. ಇಲ್ಲೂ ಒಂದು ಕೊಸರು ಇದೆ: ಮಾತ್ರೆ ಮುಟ್ಟದವರಲ್ಲೂ ಟ್ರಾನ್ಸ್‌ಪೋರ್ಟರ್ ಜಾಸ್ತಿ ಕಂಡ ಸಣ್ಣ ಅಧ್ಯಯನಗಳು ಜರ್ಮನಿಯಿಂದ ಬಂದಿವೆ. ಹಾಗಾಗಿ ಎಲ್ಲವನ್ನೂ ಮಾತ್ರೆಗೇ ಅಂಟಿಸಿ ಕೈತೊಳೆದುಕೊಳ್ಳಲಾಗುವುದಿಲ್ಲ.

ಇನ್ನು ಮೆದುಳಿನ ಗಾತ್ರದ ವಿಷಯಕ್ಕೆ ಬಂದರೆ ಚಿತ್ರ ಬೇರೆ ಥರ ಇದೆ, ಎರಡನೇ ಫಾರ್ವರ್ಡ್ ಹೇಳುವುದಕ್ಕೆ ಹೆಚ್ಚುಕಡಿಮೆ ವಿರುದ್ಧವಾಗಿಯೇ ಇದೆ. 2009ರಲ್ಲಿ ಫಿಲಿಪ್ ಶಾ ಅವರ ತಂಡ ಹದಿಹರೆಯದವರ ಎರಡು ಪುಟ್ಟ ಗುಂಪು ನೋಡಿತು. ಮಾತ್ರೆ ನಿಲ್ಲಿಸಿದವರು 19, ಮುಂದುವರಿಸಿದವರು 24. ಆ ವಯಸ್ಸಿನಲ್ಲಿ ಹೊರಪದರ ಎಲ್ಲರಿಗೂ ಸ್ವಲ್ಪ ಸ್ವಲ್ಪ ತೆಳುವಾಗುತ್ತದೆ. ಮಾತ್ರೆ ನಿಲ್ಲಿಸಿದವರಲ್ಲಿ ಕೆಲವು ಭಾಗಗಳು ಬೇಗ ತೆಳುವಾದವು. ಮುಂದುವರಿಸಿದವರದು ಎಡಿಎಚ್‌ಡಿ ಇಲ್ಲದ ಮಕ್ಕಳ ಥರವೇ ಇತ್ತು. 2011ರಲ್ಲಿ ನಕಾವೊ ಮತ್ತಿತರರು ಹಲವು ಅಧ್ಯಯನ ಒಟ್ಟುಗೂಡಿಸಿದಾಗಲೂ, ಮಾತ್ರೆ ತೆಗೆದುಕೊಂಡವರ ಪಾಲು ಜಾಸ್ತಿ ಇದ್ದ ಕಡೆ ಬೂದು ದ್ರವ್ಯದ, ಅಂದರೆ ನರಕೋಶಗಳು ತುಂಬಿರುವ ಭಾಗದ, ವ್ಯತ್ಯಾಸ ಕಡಿಮೆ ಇತ್ತು. ಮಾತ್ರೆ ಮೆದುಳನ್ನು ಕುಗ್ಗಿಸುತ್ತದೆ ಅನ್ನುವವರಿಗೆ ಇಲ್ಲಿ ಬೆಂಬಲ ಸಿಗುವುದಿಲ್ಲ.

ಹಾಗಂತ "ಮಾತ್ರೆ ಮೆದುಳನ್ನು ಸರಿ ಮಾಡುತ್ತದೆ" ಅಂತ ಕುಣಿಯುವ ಹಾಗೂ ಇಲ್ಲ. ಮಾತ್ರೆ ನಿಲ್ಲಿಸಿದ್ದು ಯಾರು, ಮುಂದುವರಿಸಿದ್ದು ಯಾರು ಅಂತ ಚೀಟಿ ಎತ್ತಿ ತೀರ್ಮಾನಿಸಿದ್ದಲ್ಲ. ಮನೆಯವರು, ಡಾಕ್ಟರು ಸೇರಿ ಮಾಡಿದ ತೀರ್ಮಾನ. ಮಾತ್ರೆಯಿಂದ ಅನುಕೂಲ ಕಂಡವರು ಮುಂದುವರಿಸುತ್ತಾರೆ. ಹಸಿವು ಸತ್ತು, ನಿದ್ದೆ ಕೆಟ್ಟವರು ಬಿಡುತ್ತಾರೆ. ಕೊಂಡುಕೊಳ್ಳಲಾಗದವರೂ ಬಿಡುತ್ತಾರೆ. ಈ ಮೂರು ಬಗೆಯ ಮಕ್ಕಳ ಮೆದುಳು ಮಾತ್ರೆಗೆ ಮುಂಚೆಯೇ ಒಂದೇ ಥರ ಇತ್ತು ಅಂತ ಯಾರು ಹೇಳಿದರು?

ಮಾತ್ರೆ ಮುಟ್ಟದವರನ್ನೇ ಹುಡುಕಿ ಸ್ಕ್ಯಾನ್ ಮಾಡಿದರೆ ಗೊಂದಲ ಮುಗಿಯಿತಲ್ಲ ಅನ್ನಿಸಬಹುದು. ಅರ್ಧ ಮುಗಿಯುತ್ತದೆ. ಅಮೆರಿಕದಲ್ಲಿ ಹತ್ತು ಹನ್ನೆರಡು ವರ್ಷದವರೆಗೂ ಮಾತ್ರೆ ಮುಟ್ಟದ ಎಡಿಎಚ್‌ಡಿ ಮಗು ಅಂದರೆ, ಅದು ಬಹುಶಃ ತೊಂದರೆ ಹಗುರವಾಗಿರುವ ಮಗು, ಇಲ್ಲವೇ ತಡವಾಗಿ ಗೊತ್ತಾದ ಮಗು, ಇಲ್ಲವೇ ಔಷಧಿಯೇ ಬೇಡ ಅನ್ನುವ ಮನೆಯ ಮಗು. ಅವರು ಎಲ್ಲ ಎಡಿಎಚ್‌ಡಿ ಮಕ್ಕಳನ್ನು ಪ್ರತಿನಿಧಿಸುವುದಿಲ್ಲ. ನಮ್ಮ ಕಡೆ ಪರಿಸ್ಥಿತಿ ಬೇರೆ. ಸಕಲೇಶಪುರ, ಬೇಲೂರು, ಕೊಪ್ಪ ಕಡೆಯ ಹಳ್ಳಿ ಶಾಲೆಗಳಲ್ಲಿ "ಹುಡುಗ ಬಲು ತುಂಟ, ಕೂತಲ್ಲಿ ಕೂರಲ್ಲ" ಅಂತ ಬಿಟ್ಟ ಮಕ್ಕಳಲ್ಲಿ ಎಡಿಎಚ್‌ಡಿ ಇದ್ದೂ ಡಾಕ್ಟರ ಹತ್ತಿರ ಹೋಗದವರು ಎಷ್ಟು ಜನವೋ. ಮೀಥೈಲ್‌ಫೆನಿಡೇಟ್ ನಮ್ಮಲ್ಲಿ ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯಡಿ ಬರುತ್ತದೆ, ಡಾಕ್ಟರ ಚೀಟಿ ಇಲ್ಲದೆ ಕೊಡುವಂತಿಲ್ಲ, ಚೀಟಿ ಇದ್ದರೂ ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ. ಅಂದರೆ ಇಲ್ಲಿ ಮಾತ್ರೆ ಮುಟ್ಟದಿರುವುದಕ್ಕೆ ಕಾರಣ ತೊಂದರೆ ಹಗುರವಾಗಿರುವುದೇ ಆಗಬೇಕಿಲ್ಲ. ಸಂಶೋಧನೆಯ ಕಣ್ಣಿನಿಂದ ನೋಡಿದರೆ ಇಂಥ ಊರುಗಳಲ್ಲಿ ಕಲಿಯಲು ಬಹಳ ಇದೆ. ಮಕ್ಕಳ ಕಣ್ಣಿನಿಂದ ನೋಡಿದರೆ ಇದು ಹೆಮ್ಮೆ ಪಡುವ ಮಾತೇನಲ್ಲ.

ಲೆಕ್ಕದ ಮೂಲಕ ಸರಿದೂಗಿಸುವುದಕ್ಕೂ ಒಂದು ಮಿತಿ ಇದೆ. ಎಷ್ಟೋ ಅಧ್ಯಯನಗಳಲ್ಲಿ ಮಾತ್ರೆಯ ಮಾಹಿತಿ ಅಂದರೆ ಹೌದು ಅಥವಾ ಇಲ್ಲ, ಅಷ್ಟೇ. ಮೂರು ತಿಂಗಳು ತೆಗೆದುಕೊಂಡು ಬಿಟ್ಟವನೂ "ಹೌದು", ಆರು ವರ್ಷದಿಂದ ದಿನಾ ತೆಗೆದುಕೊಳ್ಳುವವನೂ "ಹೌದು". ಯಾವ ವಯಸ್ಸಿಗೆ ಶುರುವಾಯಿತು, ಎಷ್ಟು ಮಿಲಿಗ್ರಾಂ, ರಜೆಯಲ್ಲಿ ಬಿಡುತ್ತಿದ್ದನಾ, ಮಾತ್ರೆ ಸ್ಟಿಮ್ಯುಲೆಂಟೋ ಅಥವಾ ಆಟೊಮೊಕ್ಸೆಟಿನ್‌ನಂಥ ಬೇರೆ ಜಾತಿಯದೋ, ಇವೆಲ್ಲ ಅಪ್ಪ ಅಮ್ಮಂದಿರ ನೆನಪಿನ ಮೇಲೆ ನಿಂತಿರುತ್ತದೆ. ಹೋದ ವರ್ಷದ ಜ್ವರಕ್ಕೆ ಯಾವ ಮಾತ್ರೆ ಕೊಟ್ಟಿರಿ ಅಂದರೆ ನನಗೇ ನೆನಪಿಲ್ಲ.

ಗೋಜಲು ಬಿಡಿಸುವ ಸರಿಯಾದ ದಾರಿ ಅಂದರೆ, ಮಾತ್ರೆ ಮುಟ್ಟದವರನ್ನು ಸೇರಿಸಿಕೊಂಡು, ಅರ್ಧ ಜನಕ್ಕೆ ನಿಜವಾದ ಮಾತ್ರೆ, ಅರ್ಧ ಜನಕ್ಕೆ ಔಷಧಿ ಇಲ್ಲದ ಹುಸಿ ಮಾತ್ರೆ, ಯಾರಿಗೆ ಯಾವುದು ಅಂತ ಚೀಟಿ ಎತ್ತಿ ಕೊಡುವುದು. ನೆದರ್ಲೆಂಡ್ಸ್‌ನಲ್ಲಿ ಹಾಗೇ ಮಾಡಿದರು, ಫಲಿತಾಂಶ 2016ರಲ್ಲಿ ಬಂತು. 10ರಿಂದ 12 ವರ್ಷದ 50 ಹುಡುಗರು, 23ರಿಂದ 40 ವರ್ಷದ 49 ಗಂಡಸರು, ಒಟ್ಟು 16 ವಾರ. ಆಮೇಲೆ ಒಂದು ವಾರ ಮಾತ್ರೆ ಬಿಡಿಸಿ, ಡೋಪಮೈನ್ ವ್ಯವಸ್ಥೆ ಹೇಗೆ ಪ್ರತಿಕ್ರಿಯಿಸುತ್ತದೆ ಅಂತ ಮೆದುಳಿನ ರಕ್ತ ಹರಿವಿನ ಮೂಲಕ ಅಳೆದರು. ನಿಜವಾದ ಮಾತ್ರೆ ತೆಗೆದುಕೊಂಡ ಹುಡುಗರಲ್ಲಿ ಥಾಲಮಸ್ ಎಂಬ ಭಾಗದ ಪ್ರತಿಕ್ರಿಯೆ ಬದಲಾಗಿತ್ತು. ಹುಸಿ ಮಾತ್ರೆಯವರಲ್ಲಿ ಇಲ್ಲ. ದೊಡ್ಡವರಲ್ಲೂ ಇಲ್ಲ. ಅಂದರೆ ಮಾತ್ರೆ ನಿಂತ ಮೇಲೂ ಉಳಿಯುವ ಪರಿಣಾಮ ಇರಬಹುದು, ಅದು ವಯಸ್ಸಿನ ಮೇಲೆ ನಿಂತಿದೆ. ಆ ಬದಲಾವಣೆ ಒಳ್ಳೆಯದೋ ಕೆಟ್ಟದ್ದೋ ಅನ್ನುವುದನ್ನು ಈ ಪ್ರಯೋಗ ಹೇಳಲಿಲ್ಲ, ಹೇಳುವಂತೆ ಅದನ್ನು ರೂಪಿಸಿಯೂ ಇರಲಿಲ್ಲ. ಹಾಗೇ 16 ವಾರವನ್ನು ಐದು ವರ್ಷಕ್ಕೆ ಎಳೆಯಲಾಗುವುದಿಲ್ಲ. ತೊಂದರೆಯಲ್ಲಿರುವ ಮಗುವಿಗೆ ಐದು ವರ್ಷ ಹುಸಿ ಮಾತ್ರೆ ಕೊಟ್ಟು ಕೂರಿಸುವುದು ಯಾವ ನ್ಯಾಯ? ಈ ಗೊಂದಲ ಪೂರ್ತಿ ಬಗೆಹರಿಯದಿರಲು ದೊಡ್ಡ ಕಾರಣ ಅದೇ.

ಈಗ ಮೊದಲ ಫಾರ್ವರ್ಡ್‌ಗೆ ಬರೋಣ, "ಮೆದುಳು ಚಿಕ್ಕದು" ಅನ್ನುವುದಕ್ಕೆ. 2017ರಲ್ಲಿ ಎನಿಗ್ಮಾ ಎಂಬ ಅಂತರರಾಷ್ಟ್ರೀಯ ತಂಡ 23 ಕಡೆಗಳಿಂದ 1,713 ಎಡಿಎಚ್‌ಡಿ ಇರುವವರ, 1,529 ಇಲ್ಲದವರ ಎಂಆರ್‌ಐ ಒಟ್ಟುಗೂಡಿಸಿತು. ವ್ಯತ್ಯಾಸ ಸಿಕ್ಕಿತು. ಮಾತ್ರೆಯಿಂದ ಅದು ಬದಲಾದಂತೆ ಕಾಣಲಿಲ್ಲ ಅಂತಲೂ ವರದಿಯಾಯಿತು. ಆದರೆ ಅದು ಬೇರೆ ಬೇರೆ ಕಡೆ ಮುಂಚೆಯೇ ಆಗಿದ್ದ ಸ್ಕ್ಯಾನ್‌ಗಳ ಸಂಗ್ರಹ, ಹಾಗಾಗಿ ಮಾತ್ರೆಯ ಇತಿಹಾಸವನ್ನು ಎಲ್ಲರಿಂದಲೂ ಒಂದೇ ರೀತಿ ಕೇಳಿ ಬರೆದುಕೊಂಡದ್ದಲ್ಲ. ಇನ್ನೊಂದು ಮುಖ್ಯ ಸಂಗತಿ ಆ ವ್ಯತ್ಯಾಸದ ಪ್ರಮಾಣ. ಅವರು ನೋಡಿದ ಒಳಭಾಗಗಳಲ್ಲಿ ಅತಿ ಹೆಚ್ಚು ವ್ಯತ್ಯಾಸ ಇದ್ದ ಅಮಿಗ್ಡಾಲಾದಲ್ಲೂ ಅದು ಒಂದು ಸ್ಟ್ಯಾಂಡರ್ಡ್ ಡೀವಿಯೇಷನ್‌ನ 0.19ರಷ್ಟು. ಇದನ್ನು ಬಿಡಿಸಿ ಹೇಳಿದರೆ, ಎರಡು ಗುಂಪಿನ ಗಾತ್ರದ ಗ್ರಾಫ್ ಒಂದರ ಮೇಲೊಂದು ಇಟ್ಟರೆ ಸುಮಾರು 92 ಶೇಕಡ ಒಂದಕ್ಕೊಂದು ಕೂಡಿಕೊಳ್ಳುತ್ತದೆ. ಒಬ್ಬ ಮಗುವಿನ ಸ್ಕ್ಯಾನ್ ಕೈಗೆ ಕೊಟ್ಟು ಇವನಿಗೆ ಎಡಿಎಚ್‌ಡಿ ಇದೆಯಾ ಅಂದರೆ ಯಾವ ರೇಡಿಯಾಲಜಿಸ್ಟೂ ಹೇಳಲಾರರು.

ಆ ಹೆಣ್ಣುಮಗಳಿಗೆ ನಾನು ಹೇಳಿದ್ದು ಇಷ್ಟು: ಈ ಫಾರ್ವರ್ಡ್ ನೋಡಿ ಮಾತ್ರೆ ನಿಲ್ಲಿಸಬೇಡ, ಇನ್ನೊಂದು ಫಾರ್ವರ್ಡ್ ನೋಡಿ ಮಾತ್ರೆ ಮೆದುಳು ಬೆಳೆಸುತ್ತದೆ ಅಂತಲೂ ನಂಬಬೇಡ. ಮಗನ ಊಟ, ನಿದ್ದೆ, ತೂಕ, ಎತ್ತರ, ಶಾಲೆಯಲ್ಲಿ ಹೇಗಿದ್ದಾನೆ ಅನ್ನುವುದನ್ನು ಬರೆದಿಟ್ಟುಕೊಂಡು ಡಾಕ್ಟರಿಗೆ ತೋರಿಸು. ಮಾತ್ರೆ ಬೇಕೋ ಬೇಡವೋ ಅನ್ನುವುದು ತೀರ್ಮಾನವಾಗುವುದು ಅದರ ಮೇಲೆ. ಅವಳು ಕೊನೆಗೆ ಕೇಳಿದಳು, ಹಾಸನಕ್ಕೆ ಹೋಗಿ ಒಂದು ಎಂಆರ್‌ಐ ಮಾಡಿಸಿಬಿಡಲಾ ಅಂತ. ಬೇಡ. ಎಡಿಎಚ್‌ಡಿ ಇದೆಯಾ ಇಲ್ಲವಾ ಅಂತ ನೋಡುವುದು ಮಗುವಿನ ಜೊತೆ ಮಾತಾಡಿ, ಅಪ್ಪ ಅಮ್ಮನನ್ನೂ ಮೇಷ್ಟ್ರನ್ನೂ ಕೇಳಿ. ಡಾಕ್ಟರು ತಾವಾಗಿ ಎಂಆರ್‌ಐ ಬರೆದುಕೊಟ್ಟರೆ ಅದು ಫಿಟ್ಸ್, ತಲೆಗೆ ಬಿದ್ದ ಪೆಟ್ಟು, ಇಂಥ ಬೇರೆ ಏನನ್ನೋ ನೋಡುವುದಕ್ಕೆ. ಏನನ್ನು ಅಂತ ಅವರನ್ನೇ ಕೇಳಬಹುದು, ಕೇಳಿದರೆ ಬೇಜಾರೇನೂ ಮಾಡಿಕೊಳ್ಳುವುದಿಲ್ಲ.